ಬಿರುದಿನ ಸಾಲು ದಾಟಿದರೆ ಸಿಗುವ ಅಕ್ಕಾದೇವಿ

ಬಾಗಲಕೋಟೆಯಿಂದ ಹುನಗುಂದದ ಕಡೆ ಹೊರಟ ಬಸ್ಸು ಶಿರೂರು ದಾಟಿದರೆ ಕಮತಗಿ. ಮಗ್ಗದ ಊರು. ಇಳಕಲ್ ಸೀರೆ ಎಂಬ ಹೆಸರಿನಲ್ಲಿ ಪೇಟೆಗೆ ಹೋಗುವ ಸೀರೆಗಳು ಇಳಕಲ್ಲಿನಂತೆ ಇಲ್ಲಿಯ ನೇಕಾರರ ಮನೆಗಳಲ್ಲೂ ಹುಟ್ಟುತ್ತವೆ. ಮುಂದೆ ಕರದಂಟಿನ ಅಮೀನಗಡ. ಅಲ್ಲಿಂದ ಐಹೊಳೆಯ ಕಡೆಗೆ ಹೊರಳಿದರೆ ಸಿಗುವ ಸೀಮೆಯಲ್ಲಿ ಎರಡು ಊರುಗಳಿವೆ. ಒಂದು ಸೂಳೇಬಾವಿ, ಇನ್ನೊಂದು ಅರಸಿಬೀದಿ. ಹೆಸರುಗಳ ಮೂಲ ಏನೇ ಇರಲಿ, ಕೇಳುವ ಕಿವಿಗೆ ಅವು ಹೆಣ್ಣಿನ ಬಗ್ಗೆ ನಮ್ಮ ಸಮಾಜ ಎರಕ ಹೊಯ್ದಿಟ್ಟ ಎರಡು ಅಚ್ಚುಗಳಂತೆ ಕೇಳಿಸುತ್ತವೆ. ಒಂದೋ ಮೇಲೆ ಕೂಡ್ರಿಸುವುದು, ಇಲ್ಲವೇ ಕೆಳಗೆ ತಳ್ಳುವುದು. ನಡುವೆ, ಸುಮ್ಮನೆ ಕೆಲಸ ಮಾಡಿದ ಹೆಣ್ಣಿಗೆ ಹೆಸರಿಲ್ಲ.

ಈ ಮಾತು ನನ್ನದಲ್ಲ. ಕಮತಗಿಯ ನೇಕಾರರ ಮನೆಯ ಹುಡುಗಿಯೊಬ್ಬಳು ಕೆಲವು ವರ್ಷಗಳ ಹಿಂದೆ ಆಡಿದ್ದು. ಆಗ ನಾವಿಬ್ಬರೂ ಪದವಿ ವಿದ್ಯಾರ್ಥಿಗಳು, ಬೇರೆ ಬೇರೆ ಕಾಲೇಜಿನವರು. ಜಿಲ್ಲೆಯ ಒಂದು ಕಾಲೇಜಿನಲ್ಲಿ ನಡೆದ ಭಾಷಣ ಸ್ಪರ್ಧೆಯಲ್ಲಿ ವಿಷಯ 'ಉತ್ತಮ ನಾಯಕತ್ವ'. ನಾನು ಚಾಲುಕ್ಯರ ಅಕ್ಕಾದೇವಿಯನ್ನು ಆರಿಸಿಕೊಂಡಿದ್ದೆ. ಕೋಟೆಗೆ ಮುತ್ತಿಗೆ ಹಾಕಿದವಳು, ರಣಭೈರವಿ, ಗಂಡೆದೆಯ ಹೆಣ್ಣು ಎಂದೆಲ್ಲ ಮೇಜು ಗುದ್ದಿ ಮಾತಾಡಿದೆ. ಚಪ್ಪಾಳೆ ಬಿತ್ತು, ಮೊದಲ ಬಹುಮಾನವೂ ಬಂತು. ಆ ಹುಡುಗಿಯೂ ಅಕ್ಕಾದೇವಿಯ ಬಗ್ಗೆಯೇ ಮಾತಾಡಿದ್ದಳು, ನನಗಿಂತ ಹೆಚ್ಚು ಓದಿಕೊಂಡು. ಅವಳಿಗೆ ಸಮಾಧಾನಕರ ಬಹುಮಾನ. ತೀರ್ಪುಗಾರರೊಬ್ಬರು ವೇದಿಕೆಯ ಮೇಲಿಂದಲೇ, 'ಹುಡುಗಿ ಆದ್ರೂ ಛಲೋ ಮಾತಾಡಿದ್ಲು' ಎಂದರು. ಸಭೆ ನಕ್ಕಿತು. ನಾನೂ ನಕ್ಕೆ.

ಸ್ಪರ್ಧೆ ಮುಗಿದ ಮೇಲೆ ಬಸ್ ನಿಲ್ದಾಣದಲ್ಲಿ ಅವಳು ನನ್ನನ್ನು ಕೇಳಿದಳು: 'ಅಣ್ಣಾ, ಶಾಸನದಾಗಿನ ಹೊಗಳಿಕೆ ಅಷ್ಟ ಹೇಳಿದ್ರಿ. ಮುಂದ ಆಕಿ ಏನು ಕೊಟ್ಟಾಳ ಅನ್ನೂದು ಯಾಕ ಓದಲಿಲ್ರೀ?' ಉತ್ತರ ನನ್ನಲ್ಲಿರಲಿಲ್ಲ. ಪತ್ರಿಕೆಗೆ ಸೇರಿದ ಮೇಲೆ ಓದಿದೆ. ಈ ಲೇಖನ ಆ ಪ್ರಶ್ನೆಗೆ ತಡವಾದ ಉತ್ತರ.

ಮೂವರು ದೊರೆಗಳ ಕಾಲದ ಆಡಳಿತಗಾರ್ತಿ

ಅಕ್ಕಾದೇವಿ ಕಲ್ಯಾಣ ಚಾಲುಕ್ಯ ವಂಶದ ದಶವರ್ಮನ ಮಗಳು. ಐದನೆಯ ವಿಕ್ರಮಾದಿತ್ಯ ಮತ್ತು ಎರಡನೆಯ ಜಯಸಿಂಹರ ಸೋದರಿ. ಮುಂದೆ ಪಟ್ಟಕ್ಕೆ ಬಂದ ಒಂದನೆಯ ಸೋಮೇಶ್ವರನಿಗೆ ಸೋದರತ್ತೆ. ಕ್ರಿ.ಶ. 1010ರ ಸೂಡಿಯ ಶಾಸನದ ಹೊತ್ತಿಗಾಗಲೇ ಅವಳು ಕಿಸುಕಾಡು ಎಪ್ಪತ್ತು ಎಂಬ ನಾಡನ್ನು ಆಳುತ್ತಿದ್ದಳು. ಕಿಸು ಎಂದರೆ ಕೆಂಪು. ಪಟ್ಟದಕಲ್ಲಿಗೆ ಕಿಸುವೊಳಲ್ ಎಂಬ ಹೆಸರಿತ್ತು. ಮಲಪ್ರಭೆಯ ದಂಡೆಯ ಕೆಂಗಲ್ಲಿನ ಗುಡ್ಡಗಳನ್ನು ಕಂಡವರಿಗೆ ಈ ಹೆಸರುಗಳು ಯಾಕೆ ಬಂದವು ಎಂದು ಹೇಳಬೇಕಾಗಿಲ್ಲ.

1010ರಿಂದ ನಾಲ್ಕು ದಶಕಗಳಿಗೂ ಮೀರಿ, ಮೂವರು ದೊರೆಗಳ ಕಾಲದಲ್ಲಿ, ಅವಳ ಹೆಸರು ಆಡಳಿತಗಾರ್ತಿಯಾಗಿ ಶಾಸನಗಳಲ್ಲಿ ಕಾಣಿಸುತ್ತದೆ. ದೊರೆಗಳು ಬದಲಾದರು, ಅವಳ ಮೇಲಿನ ವಿಶ್ವಾಸ ಬದಲಾಗಲಿಲ್ಲ. ಅವಳ ನೆಲೆವೀಡಾಗಿದ್ದ ವಿಕ್ರಮಪುರವೇ ಇಂದಿನ ಅರಸಿಬೀದಿ.

ಶಾಸನಗಳು ಅವಳನ್ನು 'ಗುಣದ ಬೆಡಂಗಿ' ಎನ್ನುತ್ತವೆ. ಬೆಡಗು ಇರುವುದು ರೂಪದಲ್ಲಲ್ಲ, ಗುಣದಲ್ಲಿ ಎಂಬ ಅರ್ಥ. 'ಏಕವಾಕ್ಯೆ' ಎಂದೂ ಕರೆಯುತ್ತವೆ. ಅಂದರೆ ಒಂದೇ ಮಾತಿನವಳು. ಯುದ್ಧದಲ್ಲಿ ಭೈರವಿ ಎಂಬ ಹೊಗಳಿಕೆಯೂ ಇದೆ. 1047ರಲ್ಲಿ ಅವಳು ಗೋಕಗೆಯ, ಅಂದರೆ ಇಂದಿನ ಗೋಕಾಕದ, ಕೋಟೆಗೆ ಮುತ್ತಿಗೆ ಹಾಕಿದ್ದಳೆಂಬುದು ಅರಸಿಬೀದಿಯ ಶಾಸನದಿಂದ ತಿಳಿಯುತ್ತದೆ.

ನಮ್ಮ ಪಠ್ಯಪುಸ್ತಕ, ಭಾಷಣ, ನಾಟಕಗಳು ಸಾಮಾನ್ಯವಾಗಿ ನಿಲ್ಲುವುದು ಇಲ್ಲಿಯೇ. ನಾನೂ ಇಲ್ಲಿಯೇ ನಿಂತಿದ್ದೆ.

ಹೊಗಳಿಕೆಯೂ ಒಂದು ಅಚ್ಚು

ಶಾಸನ ಓದುವವರಿಗೆ ಗೊತ್ತಿರುವ ಒಂದು ಸಂಗತಿ ಸಾಮಾನ್ಯ ಓದುಗರಿಗೆ ಹೊಸದಾಗಿರಬಹುದು. ದಾನಶಾಸನಕ್ಕೆ ಸಾಮಾನ್ಯವಾಗಿ ಎರಡು ಮುಖ್ಯ ಭಾಗ. ಮೊದಲು ಪ್ರಶಸ್ತಿ, ಅಂದರೆ ವಂಶದ ವರ್ಣನೆ, ಬಿರುದು, ಹೊಗಳಿಕೆ. ಆಮೇಲೆ ದತ್ತಿ. ಯಾರು, ಯಾವ ದಿನ, ಯಾರಿಗೆ, ಯಾವ ಉದ್ದೇಶಕ್ಕೆ, ಎಷ್ಟು ಭೂಮಿ ಕೊಟ್ಟರು ಎಂಬ ವಿವರ. ಮೊದಲ ಭಾಗ ಬರೆಯುವವನು ಕವಿ. ಆ ಕಾಲದಲ್ಲಿ ಪ್ರಶಸ್ತಿಗೊಂದು ಸಿದ್ಧ ಅಚ್ಚು ಇತ್ತು. ಎಲ್ಲ ಅರಸರೂ ಶತ್ರುಗಳಿಗೆ ಸಿಂಹ, ಎಲ್ಲ ಮಂತ್ರಿಗಳೂ ಬುದ್ಧಿಯಲ್ಲಿ ಬೃಹಸ್ಪತಿ. ಎರಡನೆಯ ಭಾಗಕ್ಕೆ ಈ ಸ್ವಾತಂತ್ರ್ಯವಿಲ್ಲ. ಅಲ್ಲಿ ಹೊಲದ ಎಲ್ಲೆ ತಪ್ಪಿದರೆ ಜಗಳ ಹುಟ್ಟುತ್ತದೆ. ಆದ್ದರಿಂದ ಒಬ್ಬ ನಾಯಕ ನಿಜವಾಗಿ ಏನು ಮಾಡಿದ ಎಂದು ತಿಳಿಯಲು ದತ್ತಿಯ ಭಾಗವನ್ನೇ ಓದಬೇಕು.

ಹಾಗೆ ಓದಿದರೆ ಬೇರೊಬ್ಬ ಅಕ್ಕಾದೇವಿ ಕಾಣುತ್ತಾಳೆ. ಬಾದಾಮಿ ತಾಲ್ಲೂಕಿನ ಬೇಲೂರು ಆಗ ಪೇರೂರು ಎಂಬ ಅಗ್ರಹಾರ. ಅಲ್ಲಿಯ 1022ರ ಶಾಸನದಲ್ಲಿ ಅವಳು ಬಿಟ್ಟ ಭೂಮಿಯ ಒಂದು ಉದ್ದೇಶ ಐನೂರು ವಿದ್ಯಾರ್ಥಿಗಳ ಊಟ ಮತ್ತು ಬಟ್ಟೆ. ಹಸಿದ ಹೊಟ್ಟೆಯಲ್ಲಿ ವಿದ್ಯೆ ನಿಲ್ಲದು ಎಂಬ ತಿಳಿವಳಿಕೆ ಅದರ ಹಿಂದಿದೆ. ಜಿನ, ಬುದ್ಧ, ವಿಷ್ಣು, ಶಿವ ನಾಲ್ವರ ಧರ್ಮಗಳ ಆಚರಣೆಯನ್ನೂ ನಡೆಸಿದವಳು ಎಂದು ಅದೇ ಶಾಸನ ಹೇಳುತ್ತದೆ. ಇದು ಹೊಗಳಿಕೆಯ ಮಾತಲ್ಲವೇ ಎಂದು ಕೇಳಬಹುದು. ಹೌದು. ಆದರೆ ದತ್ತಿಗಳು ಅದಕ್ಕೆ ಸಾಕ್ಷಿ ನುಡಿಯುತ್ತವೆ. ಪೇರೂರಿನ ದಾನ ಬ್ರಹ್ಮ, ವಿಷ್ಣು, ಶಿವರ ತ್ರೈಪುರುಷ ದೇವಾಲಯಕ್ಕೆ ಸಂಬಂಧಿಸಿದ್ದು. ವಿಕ್ರಮಪುರದಲ್ಲಿ ಅವಳ ಬಿರುದನ್ನೇ ಹೊತ್ತ ಜಿನಾಲಯವಿತ್ತು. ಅದಕ್ಕೆ ದಾನ ನೀಡಿದ್ದು ಯಾವಾಗ? ಗೋಕಗೆಯ ಮುತ್ತಿಗೆಯ ಬೀಡಿನಲ್ಲಿದ್ದಾಗ. ನಾವು ಕತ್ತಿಯನ್ನು ಮಾತ್ರ ಕಂಡ ಶಾಸನ ನಿಜದಲ್ಲಿ ಒಂದು ಬಸದಿಯ ದತ್ತಿಶಾಸನ!

ಕಳೆದುಹೋದ ಹಕ್ಕುಪತ್ರ

ಎಲ್ಲಕ್ಕಿಂತ ಗಮನಾರ್ಹವಾದದ್ದು ಸೂಡಿಯ ಪ್ರಸಂಗ. ಇಂದು ಗದಗ ಜಿಲ್ಲೆಯಲ್ಲಿರುವ ಸೂಡಿ ಆಗ ದೊಡ್ಡ ಪಟ್ಟಣ. ಹನ್ನೊಂದನೆಯ ಶತಮಾನದ ಮೊದಲರ್ಧ ಈ ಭಾಗದ ಜನರಿಗೆ ನೆಮ್ಮದಿಯ ಕಾಲವಾಗಿರಲಿಲ್ಲ. ಚೋಳರ ದಂಡು ಪದೇ ಪದೇ ನುಗ್ಗುತ್ತಿತ್ತು. 1007ರ ಸುಮಾರಿನ ದಾಳಿಯಲ್ಲಿ ಹೆಂಗಸರು, ಮಕ್ಕಳು ಕೂಡ ಕೊಲೆಯಾದರೆಂದು ಹೊಟ್ಟೂರಿನ ಶಾಸನ ಹೇಳುತ್ತದೆ. ಮುಂದೆ 1054ರಲ್ಲಿ ಕೊಪ್ಪಂ ಯುದ್ಧದಲ್ಲಿ ಚೋಳ ದೊರೆ ರಾಜಾಧಿರಾಜನೇ ಮಡಿದ. ಆದರೂ ಹಗೆ ತಣ್ಣಗಾಗಲಿಲ್ಲ.

ಇಂಥ ಕಾಲದಲ್ಲಿ ಊರಿಗೆ ಆಗುವ ನಷ್ಟ ಬರೀ ಮನೆ, ದನಕರುಗಳದ್ದಲ್ಲ. ಸೂಡಿಯ ಎಂಟು ಸೆಟ್ಟಿಗಳು ಮತ್ತು ಎಂಬತ್ತು ಒಕ್ಕಲುಗಳಿಗೆ ಹಿಂದಿನಿಂದ ಬಂದ ಕಟ್ಟಳೆಯ ಶಾಸನವೊಂದಿತ್ತು. ಅವರ ಹಕ್ಕು, ಬಾಧ್ಯತೆಗಳನ್ನು ಗೊತ್ತುಪಡಿಸಿದ್ದ ಅದು ಚೋಳರ ಹಾವಳಿಯಲ್ಲಿ ಹಾಳಾಯಿತು. ಹಕ್ಕಿಗೆ ದಾಖಲೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಕೃಷ್ಣಾ ಹಿನ್ನೀರಿಗೆ ಮನೆ ಕೊಟ್ಟು ಪರಿಹಾರಕ್ಕೆ ಅಲೆದ ಬಾಗಲಕೋಟೆಯ ಜನರಿಗೆ ವಿವರಿಸಬೇಕಾಗಿಲ್ಲ. ಬಲ್ಲಿದ ಹೇಳಿದ್ದೇ ಕಟ್ಟಳೆಯಾಗುತ್ತದೆ.

ಅಕ್ಕಾದೇವಿ ವಿಕ್ರಮಪುರದ ನೆಲೆವೀಡಿನಲ್ಲಿ ಏಳು ಮಂದಿ ಮಂತ್ರಿಗಳೊಂದಿಗೆ ಕುಳಿತು, ಹಾಳಾದ ಆ ಕಟ್ಟಳೆಯ ಬದಲಿಗೆ ಹೊಸದನ್ನು ಕೊಟ್ಟಳು. ಒಬ್ಬಳೇ ಆಜ್ಞೆ ಮಾಡಲಿಲ್ಲ, ಸಭೆ ಕೂಡಿಸಿದಳು. ಬಾಯಿಮಾತಿನಲ್ಲಿ ಬಿಡಲಿಲ್ಲ, ಬರೆಯಿಸಿದಳು. 'ಏಕವಾಕ್ಯೆ' ಎಂಬ ಬಿರುದಿಗೆ ನಿಜವಾದ ಅರ್ಥ ಬರುವುದು ಇಲ್ಲಿ. ಆಡಿದ ಮಾತಿಗೆ ಮರುದಿನ ತಾನೇ ತಪ್ಪದಂತೆ ತನ್ನನ್ನೂ ಕಟ್ಟಿಹಾಕಿಕೊಳ್ಳುವವರು ಒಳ್ಳೆಯ ನಾಯಕರು.

ಒಂದು ಎಚ್ಚರಿಕೆಯ ಮಾತೂ ಇಲ್ಲಿ ಬೇಕು. ಅಕ್ಕಾದೇವಿಗೆ ಅಧಿಕಾರ ಬಂದದ್ದು ಅರಮನೆಯಲ್ಲಿ ಹುಟ್ಟಿದ್ದರಿಂದ. ಕಿಸುಕಾಡಿನ ನೇಕಾರ ಹೆಂಗಸಿಗೆ, ಒಕ್ಕಲಗಿತ್ತಿಗೆ ಆ ಬಾಗಿಲು ತೆರೆದಿರಲಿಲ್ಲ. ಅವಳೊಬ್ಬಳನ್ನು ತೋರಿಸಿ, 'ನಮ್ಮಲ್ಲಿ ಹಿಂದೆ ಹೆಣ್ಣಿಗೆ ಎಲ್ಲವೂ ಇತ್ತು' ಎನ್ನುವುದು ಇನ್ನೊಂದು ಸಿದ್ಧ ಅಚ್ಚು, ಅಷ್ಟೇ.

ಅದೇ ಭಾಷಣ, ಬೇರೆ ದನಿ

ಆ ಬಾಗಿಲು ತೆರೆಯಲು ಕಾನೂನೇ ಬರಬೇಕಾಯಿತು. ಕರ್ನಾಟಕದ 1983ರ ಕಾಯಿದೆ ಪಂಚಾಯತಿಗಳಲ್ಲಿ ಮಹಿಳೆಯರಿಗೆ ಶೇ. 25 ಸ್ಥಾನ ಮೀಸಲಿಟ್ಟಿತು. ಅದರಂತೆ 1987ರಲ್ಲಿ ಚುನಾವಣೆ ನಡೆಯಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ ದೇಶದೆಲ್ಲೆಡೆ ಕನಿಷ್ಠ ಮೂರನೆಯ ಒಂದು ಪಾಲು ಕೊಟ್ಟಿತು. 2010ರಲ್ಲಿ ನಮ್ಮ ರಾಜ್ಯ ಅದನ್ನು ಶೇ. 50ಕ್ಕೆ ಏರಿಸಿತು. ಆದರೂ 'ಅಧ್ಯಕ್ಷರ ಗಂಡ' ಎಂಬ, ಕಾಯಿದೆಯಲ್ಲಿಲ್ಲದ ಹುದ್ದೆಯೊಂದು ಊರೂರಲ್ಲಿ ಹುಟ್ಟಿಕೊಂಡಿದೆ. ಹೆಣ್ಣುಮಗಳು ಸಹಿಗೆ, ಗಂಡಸು ಕೆಲಸಕ್ಕೆ ಎಂಬ ನಂಬಿಕೆ ಬೇಗ ಸಾಯುವಂಥದ್ದಲ್ಲ.

ಆದರೆ ಸಾಯದೆಯೂ ಇರುವುದಿಲ್ಲ. ಮುಂದೆ 2019ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯಲ್ಲಿ ನಡೆಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಹಳ್ಳಿಗರಿಗೆ ಪಂಚಾಯತಿ ಮುಖ್ಯಸ್ಥರ ಭಾಷಣವೊಂದನ್ನು ಕೇಳಿಸಿದರು. ಮಾತು ಅದೇ, ಕೆಲವರಿಗೆ ಗಂಡುದನಿಯಲ್ಲಿ, ಕೆಲವರಿಗೆ ಹೆಣ್ಣುದನಿಯಲ್ಲಿ. ಎಂದೂ ಮಹಿಳಾ ಮುಖ್ಯಸ್ಥೆಯನ್ನು ಕಾಣದ ಹಳ್ಳಿಗಳ ಗಂಡಸರು ಹೆಣ್ಣುದನಿಯ ನಾಯಕಿಗೆ ಕಡಿಮೆ ಅಂಕ ಕೊಟ್ಟರು. ಮೀಸಲಾತಿಯಿಂದ ಮಹಿಳೆಯ ಆಡಳಿತವನ್ನು ಕಂಡ ಹಳ್ಳಿಗಳಲ್ಲಿ ಸಾಮರ್ಥ್ಯದ ಬಗೆಗಿನ ಈ ತಾರತಮ್ಯ ಬಹುಮಟ್ಟಿಗೆ ಇಲ್ಲವಾಗಿತ್ತು. ಭಾಷಣ, ಉಪದೇಶಗಳಿಗಿಂತ ಕಣ್ಣಾರೆ ಕಂಡ ಕೆಲಸ ಅಚ್ಚನ್ನು ಒಡೆದಿತ್ತು. ಅದೇ ಜಿಲ್ಲೆಯ ಬಗ್ಗೆ 2004ರಲ್ಲಿ ಬಂದ ಅಧ್ಯಯನವೊಂದು ಮಹಿಳೆಯರು ಮುಖ್ಯಸ್ಥರಾದಲ್ಲಿ ಕುಡಿಯುವ ನೀರಿಗೆ ಹೆಚ್ಚು ಹಣ ಹೋಗಿತ್ತು ಎಂದು ತೋರಿಸಿತ್ತು. ಕೊಡ ಹೊತ್ತವರಿಗೆ ನೀರಿನ ದಾರಿಯ ದೂರ ಗೊತ್ತು.

ಈ ವರದಿ ಓದಿದಾಗ ನನಗೆ ನೆನಪಾದದ್ದು ಆ ಸ್ಪರ್ಧೆಯ ಸಭಾಂಗಣ. ಅಲ್ಲಿಯೂ ಅಕ್ಕಾದೇವಿಯ ಬಗ್ಗೆ ಎರಡು ದನಿಗಳು ಮಾತಾಡಿದ್ದವು. ಗಂಡುದನಿ ಹೊಗಳಿಕೆಯ ಸಾಲಿನಲ್ಲೇ ನಿಂತಿತ್ತು, ಹೆಣ್ಣುದನಿ ಐನೂರು ಮಕ್ಕಳ ಊಟದವರೆಗೆ ಓದಿತ್ತು. ಬಹುಮಾನ ಯಾರಿಗೆ ಹೋಯಿತೆಂದು ಮೇಲೆ ಹೇಳಿದ್ದೇನೆ. 'ಗಂಡೆದೆಯ ಹೆಣ್ಣು' ಎಂದು ನಾನು ಮೆಚ್ಚಿ ಹೇಳಿದ್ದರಲ್ಲೂ, 'ಹುಡುಗಿ ಆದ್ರೂ' ಎಂದು ತೀರ್ಪುಗಾರರು ಹೇಳಿದ್ದರಲ್ಲೂ ಇದ್ದದ್ದು ಒಂದೇ ನಂಬಿಕೆ. ಧೈರ್ಯ, ಜಾಣ್ಮೆ ಗಂಡಿನ ಸೊತ್ತು, ಹೆಣ್ಣಿಗೆ ಅವು ಎರವಲು ಎಂಬುದು.

ಕಮತಗಿಯ ಮೇಲೆ ಹಾದು ಐಹೊಳೆ, ಪಟ್ಟದಕಲ್ಲು ನೋಡಲು ಹೋಗುವ ಕಾಲೇಜು ಪ್ರವಾಸದ ಬಸ್ಸುಗಳು ಅರಸಿಬೀದಿಯ ಕಡೆ ಹೊರಳುವುದು ಅಪರೂಪ. ಒಮ್ಮೆ ಹೊರಳಲಿ. ಮಕ್ಕಳಿಗೆ ಅಕ್ಕಾದೇವಿಯ ಶಾಸನದ ಕಥೆ ಹೇಳುವ ಮೇಷ್ಟ್ರು ಮುತ್ತಿಗೆಯನ್ನೂ ಹೇಳಲಿ. ಹೇಳಿ ಮುಗಿಸಿದ ಮೇಲೆ ಆ ಹುಡುಗಿಯ ಹಾಗೆ, 'ಮುಂದ ಏನು ಕೊಟ್ಟಾಳ?' ಎಂದು ಕೇಳುವ ವಿದ್ಯಾರ್ಥಿ ಇದ್ದರೆ ಅವರಿಗೆ ಉತ್ತರವೂ ಸಿಗಲಿ. ಊರಿನ ಅಧ್ಯಕ್ಷರನ್ನು, ಶಾಸಕರನ್ನು ಅಳೆಯುವಾಗಲೂ ಆ ಪ್ರಶ್ನೆಯನ್ನೇ ಕೇಳಿದರೆ ತಪ್ಪೇನಿಲ್ಲ.