ಚನ್ನಪಟ್ಟಣದ ಕಸಬುಗಳೂ ಕಡಲಾಚೆಯ ಸುಂಕವೂ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲವೆಂಬ ಗಾದೆ ನಮ್ಮಲ್ಲಿ ಮನೆಮಾತು. ಸಂಸ್ಕೃತದ ‘ಶುಲ್ಕ’ವೇ ತದ್ಭವವಾಗಿ ನಮ್ಮ ‘ಸುಂಕ’ವಾಯಿತು. ನಮ್ಮ ಶಾಸನಗಳಲ್ಲಿ ಈ ಮಾತು ಎಷ್ಟು ಸಲ ಬರುತ್ತದೆಂಬುದನ್ನು ಬಲ್ಲವರು, ಕನ್ನಡ ನಾಡಿನ ವ್ಯಾಪಾರದ ಚರಿತ್ರೆಯನ್ನು ಸುಂಕದ ಚರಿತ್ರೆಯಾಗಿಯೇ ಬರೆಯಬಹುದೆಂದರೆ ಅಲ್ಲಗಳೆಯಲಾರರು. ಹಿಂದೆ ಊರಬಾಗಿಲಲ್ಲಿ ಕುಳಿತಿದ್ದ ಸುಂಕದವನಾದರೋ ಕಣ್ಣಿಗೆ ಕಾಣುವ ಮನುಷ್ಯ. ಅವನೊಡನೆ ಜಗಳವನ್ನಾದರೂ ಆಡಬಹುದಾಗಿತ್ತು. ಕಳೆದ ಇನ್ನೂರು ವರ್ಷಗಳಲ್ಲಿ ಚನ್ನಪಟ್ಟಣದಂಥ ಊರಿನ ಅನ್ನವನ್ನು ಅಳೆದುಕೊಟ್ಟ ಸುಂಕ ಮಾತ್ರ ಊರಿನವರ ಕಣ್ಣಿಗೆ ಬೀಳದಷ್ಟು ದೂರದಲ್ಲಿ, ಕಡಲ ರೇವುಗಳಲ್ಲಿ, ಲಂಡನ್ ದಿಲ್ಲಿಗಳ ಕಚೇರಿಗಳಲ್ಲಿ ಗೊತ್ತಾಯಿತು. ಇದರ ಜೊತೆಗೆ ಇನ್ನೊಬ್ಬ ಸುಂಕದವನೂ ಇದ್ದಾನೆ. ಅವನು ಮಳೆರಾಯ. ಇವರಿಬ್ಬರ ನಡುವೆ ಒಂದು ಸಣ್ಣ ಪಟ್ಟಣದ ಕಸಬುಗಳು ಹೇಗೆ ಬದುಕಿದುವು, ಹೇಗೆ ಸತ್ತುವು ಎಂಬುದೇ ಇಲ್ಲಿಯ ವಿಷಯ.

ಚನ್ನಪಟ್ಟಣದ ಕೋಟೆ ೧೫೮೦ರ ಸುಮಾರಿನಲ್ಲಿ ಜಗದೇವರಾಯ ಕಟ್ಟಿಸಿದ್ದು. ೧೬೩೦ರಲ್ಲಿ ಊರು ಮೈಸೂರು ಅರಸರ ವಶವಾಯಿತು. ಶ್ರೀರಂಗಪಟ್ಟಣಕ್ಕೂ ಬೆಂಗಳೂರಿಗೂ ನಡುವಣ ದಾರಿಯಲ್ಲಿದ್ದುದರಿಂದ ಸೈನ್ಯಗಳ ಹಾವಳಿಯನ್ನೂ ವರ್ತಕರ ಹಣವನ್ನೂ ಸಮಸಮವಾಗಿ ಕಂಡ ಊರಿದು. ಟಿಪ್ಪು ಮಡಿದ ಮರುವರ್ಷ, ಎಂದರೆ ೧೮೦೦ರಲ್ಲಿ, ಕಂಪನಿ ಸರ್ಕಾರದ ವೈದ್ಯನಾಗಿದ್ದ ಫ್ರಾನ್ಸಿಸ್ ಬುಕಾನನ್ ಇಲ್ಲಿಗೆ ಬಂದನು. ಕಂಡದ್ದನ್ನೆಲ್ಲ ಬರೆದಿಡುವ ಚಾಳಿಯವನು. ಅವನು ಬರೆದಿಟ್ಟಿರುವುದರಲ್ಲಿ ಬೊಂಬೆಗಳಿಗಿಂತ ಹೆಚ್ಚಾಗಿ ಬೇರೆ ಕಸಬುಗಳೇ ಎದ್ದು ಕಾಣುತ್ತವೆ: ಬಳೆಗಾಗಿ ಗಾಜು ಕರಗಿಸುವ ಕುಲುಮೆ, ಒಳ್ಳೆಯ ಬಿಳಿ ಸಕ್ಕರೆ, ಮತ್ತು ಸಂಗೀತ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ. ಈ ತಂತಿ ಭಾರತದ ದೂರ ದೂರದ ಊರುಗಳಿಗೂ ಹೋಗುತ್ತಿತ್ತು. ರೇಡಿಯೋದಲ್ಲಿ ವೀಣೆಯನ್ನು ಕೇಳುವಾಗ, ಒಂದು ಕಾಲದಲ್ಲಿ ಆ ನಾದಕ್ಕೆ ಉಕ್ಕನ್ನು ಎಳೆದು ಕೊಟ್ಟವರು ಚನ್ನಪಟ್ಟಣದವರೆಂಬುದು ನೆನಪಾದರೆ ತಪ್ಪಿಲ್ಲ.

ಆ ತಂತಿ ಏನಾಯಿತು? ಗಾಜೇನಾಯಿತು? ಒಂದೇ ದಿನದಲ್ಲಿ ಯಾರೂ ಬಾಗಿಲು ಮುಚ್ಚಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿಗೆ ಹೋಗುವ ಭಾರತದ ಬಟ್ಟೆಗೆ ಭಾರಿ ಸುಂಕ, ಅಲ್ಲಿಂದ ಇಲ್ಲಿಗೆ ಬರುವ ಬಟ್ಟೆಗೆ ಹಗುರ ಸುಂಕ. ಉಳಿದ ಸಾಮಾನುಗಳಿಗೂ ಹೆಚ್ಚುಕಡಿಮೆ ಇದೇ ನೀತಿಯ ನೆರಳು. ಯಂತ್ರದಲ್ಲಿ ತೆಗೆದ ತಂತಿಯೂ ಅಚ್ಚಿನ ಗಾಜೂ ಅಗ್ಗವಾಗಿ ಬಂದವು. ಆದರೂ ಎತ್ತಿನ ಗಾಡಿಯಿದ್ದಷ್ಟು ದಿನ ದೂರವೇ ನಮ್ಮ ಕಸಬುದಾರನಿಗೆ ರಕ್ಷೆಯಾಗಿತ್ತು. ಆ ರಕ್ಷೆಯನ್ನು ಕಿತ್ತದ್ದು ರೈಲು. ರೈಲನ್ನು ತಂದದ್ದಾದರೂ ಏನು? ಬರಗಾಲ!

೧೮೭೬ರಿಂದ ೧೮೭೮ರವರೆಗೆ ಮೈಸೂರು ಸಂಸ್ಥಾನವನ್ನು ಹಿಡಿದ ಬರದಲ್ಲಿ ಸಂಸ್ಥಾನದ ಐವತ್ತು ಲಕ್ಷ ಜನರಲ್ಲಿ ಸುಮಾರು ಹತ್ತು ಲಕ್ಷ ಮಂದಿ ಸತ್ತರೆಂದು ಲೆಕ್ಕ. ಹಸಿದವರಿಗೆ ಕೂಲಿ ಕೊಡುವ ಸಲುವಾಗಿ ಬೆಂಗಳೂರು–ಮೈಸೂರು ರೈಲುದಾರಿಯ ಮಣ್ಣಿನ ಕೆಲಸ ಶುರುವಾಯಿತು. ೧೮೮೨ರ ಹೊತ್ತಿಗೆ ಗಾಡಿ ಓಡಿತು. ಆ ಬರದ ಬೇರು ಪೆಸಿಫಿಕ್ ಸಾಗರದ ನೀರು ಅಸಹಜವಾಗಿ ಬಿಸಿಯೇರಿದುದರಲ್ಲಿತ್ತೆಂದು ಇಂದಿನ ಹವಾಮಾನ ಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ. ‘ಎಲ್ ನಿನ್ಯೋ’ ಎಂಬುದು ಅದರ ಹೆಸರು. ಬರ ಮಳೆಯಿಲ್ಲದ್ದರಿಂದ ಬಂದಿತು, ಸಾವು ಮಾತ್ರ ಬರಿಯ ಮಳೆಯಿಲ್ಲದ್ದರಿಂದ ಬರಲಿಲ್ಲ. ಧಾನ್ಯದ ಬೆಲೆಯನ್ನು ವ್ಯಾಪಾರದ ಪಾಡಿಗೆ ಬಿಟ್ಟುಬಿಡಬೇಕೆಂಬ ಅಂದಿನ ಸರ್ಕಾರದ ಹಟದಿಂದಲೂ ಬಂದಿತು. ವ್ಯಾಪಾರ ನೀತಿಯೂ ವಾಯುಗುಣವೂ ಬೇರೆ ಬೇರೆ ಅಧ್ಯಾಯಗಳೆಂದು ಪಾಠ ಹೇಳುವವರು ಈ ಮೂರು ವರ್ಷಗಳನ್ನು ಯಾವ ಅಧ್ಯಾಯಕ್ಕೆ ಸೇರಿಸುತ್ತಾರೋ ನನಗೆ ತಿಳಿಯದು.

ಇನ್ನು ರೇಷ್ಮೆ. ಕಾಳಿದಾಸನ ಶಾಕುಂತಲದಲ್ಲಿ ‘ಚೀನಾಂಶುಕ’ವೆಂಬ ಮಾತು ಬರುತ್ತದೆ, ಆ ಕಾಲಕ್ಕೇ ಈ ಬಟ್ಟೆಗೆ ಚೀನಾ ದೇಶದ ಹೆಸರು ಅಂಟಿಕೊಂಡಿತ್ತು. ನಮ್ಮ ಹಳೆಯ ಮಾತು ‘ಪಟ್ಟೆ’. ‘ರೇಷ್ಮೆ’ ಪಾರಸಿಯಿಂದ ಬಂದದ್ದು. ಹುಳುವೂ ಹೊರಗಿನಿಂದಲೇ ಬಂದಿತು. ಟಿಪ್ಪು ೧೭೮೫–೮೬ರಲ್ಲಿ ಬಂಗಾಳಕ್ಕೂ ಮಸ್ಕತ್ತಿಗೂ ಜನರನ್ನು ಅಟ್ಟಿ ಹುಳು ತರಿಸಿ, ರಾಜ್ಯದ ಅಲ್ಲಲ್ಲಿ ಸಾಕಿಸಿದನು. ಬಂದ ಹುಳು ನಮ್ಮ ಹವೆಗೆ ಒಗ್ಗಿ ‘ಮೈಸೂರು ತಳಿ’ಯಾಯಿತು. ಗೂಡು ಸಣ್ಣದು, ಹಸುರು ಮಿಶ್ರಿತ ಹಳದಿ. ನೂಲು ಕಡಿಮೆ, ಆದರೆ ಗಟ್ಟಿ ಜೀವ, ವರ್ಷಕ್ಕೆ ಹಲವು ಬೆಳೆ. ಒಣಭೂಮಿಯಲ್ಲಿ ಮಳೆಯನ್ನೇ ನಂಬಿದ ಹಿಪ್ಪುನೇರಳೆ ಗಿಡ, ಮನೆಯ ಒಳಅಂಕಣದಲ್ಲಿ ತಟ್ಟೆಗಳು, ಬಿದಿರಿನ ಚಂದ್ರಿಕೆ. ಬಡವನಿಗೆ ಒಂದೂವರೆ ಎರಡು ತಿಂಗಳಿಗೊಮ್ಮೆ ಕೈಗೆ ಕಾಸು ಕೊಡುವ ಬೆಳೆ ಇದೊಂದೇ ಆಗಿತ್ತು.

೧೮೬೦ರ ದಶಕದಲ್ಲಿ ಹುಳುಗಳಿಗೆ ರೋಗ ಬಡಿದಾಗ ಇಟಲಿಯ ಡಿ ವೆಕ್ಕಿ ಎಂಬಾತ ಜಪಾನಿನ ಮೊಟ್ಟೆ ತರಿಸಿ ಕಸಬನ್ನು ಎತ್ತಿ ನಿಲ್ಲಿಸಲು ಯತ್ನಿಸಿದನು. ಶತಮಾನದ ಕೊನೆಗೆ ಜಮ್‌ಸೇಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ಜಪಾನೀ ಪರಿಣತರನ್ನಿಟ್ಟುಕೊಂಡು ರೇಷ್ಮೆ ಫಾರಂ ನಡೆಸಿದರು. ಇವೆಲ್ಲಕ್ಕಿಂತ ಗಟ್ಟಿಯಾದ ಹೆಜ್ಜೆಯನ್ನಿಟ್ಟದ್ದು ೧೯೧೩–೧೪ರ ಸುಮಾರಿನಲ್ಲಿ ಮೈಸೂರು ಸರ್ಕಾರ. ಇಟಲಿಯ ವಾಷಿಂಗ್ಟನ್ ಮಾರಿ ಎಂಬ ತಜ್ಞರನ್ನು ಕರೆಸಿತು; ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಕ್ಷೇತ್ರ ತೆರೆಯಿತು; ಇಲಾಖೆಯ ಹೊಣೆ ನವರತ್ನ ರಾಮರಾಯರ ಮೇಲೆ ಬಿದ್ದಿತು. ‘ಕೆಲವು ನೆನಪುಗಳು’ ಬರೆದ ರಾಮರಾಯರೇ ಇವರು. ಸಾಹಿತ್ಯಪ್ರಿಯರು ಅವರನ್ನು ಆ ಪುಸ್ತಕದಿಂದ ಬಲ್ಲರು. ಹುಳು ಸಾಕುವವರು ರೋಗವಿಲ್ಲದ ಮೊಟ್ಟೆಯಿಂದ, ಮೈಸೂರು ತಳಿಗೆ ಹೊರದೇಶದ ತಳಿಯನ್ನು ಕೂಡಿಸಿದ ಮಿಶ್ರ ತಳಿಯಿಂದ ಬಲ್ಲರು. ಮುಂದೆ ಚನ್ನಪಟ್ಟಣದ ಬಳಿಯ ಕಣ್ವ ಕ್ಷೇತ್ರದಲ್ಲಿ ಆರಿಸಿ ತೆಗೆದ ಹಿಪ್ಪುನೇರಳೆಯೊಂದು ‘ಕಣ್ವ-೨’ ಎಂಬ ಹೆಸರಿನಿಂದ ದಕ್ಷಿಣ ಭಾರತದಲ್ಲೆಲ್ಲ ಹಬ್ಬಿತು. ಒಂದು ಸಣ್ಣ ಹೊಳೆಯ ಹೆಸರು ಇಷ್ಟು ದೂರ ನಡೆದದ್ದು ಸಾಮಾನ್ಯವಲ್ಲ.

ಇಷ್ಟಾದರೂ ೧೯೨೯ರ ಜಗತ್ತಿನ ಮುಗ್ಗಟ್ಟು ಬಂದಾಗ ಈ ವಿದ್ಯೆಯೆಲ್ಲ ಕೈಕಟ್ಟಿ ನಿಂತಿತು. ಅಮೆರಿಕದಲ್ಲಿ ಕೊಳ್ಳುವವರಿಲ್ಲದೆ ಜಪಾನು ಚೀನಗಳ ರೇಷ್ಮೆ ಸಿಕ್ಕ ಬೆಲೆಗೆ ನಮ್ಮ ರೇವುಗಳಿಗೆ ಬಂದು ಬಿದ್ದಿತು. ಕೃತಕ ರೇಷ್ಮೆಯೂ ಜೊತೆಗೂಡಿತು. ಮೈಸೂರು ಸಂಸ್ಥಾನಕ್ಕೆ ಕಡಲ ರೇವಿಲ್ಲ. ಆದ್ದರಿಂದ ಹೊರದೇಶದ ಮಾಲಿಗೆ ಸುಂಕ ಹಾಕುವ ಅಧಿಕಾರವೂ ಇಲ್ಲ. ಹುಳು ಸಾಕುವವರು ಇಲ್ಲಿ, ಸುಂಕ ಹಾಕುವವರು ದಿಲ್ಲಿಯಲ್ಲಿ. ಬೇಡುವುದೊಂದೇ ಸಂಸ್ಥಾನಕ್ಕುಳಿದ ದಾರಿ. ೧೯೩೩ರಲ್ಲಿ ಸುಂಕ ಮಂಡಲಿ ವಿಚಾರಣೆ ನಡೆಸಿತು, ೧೯೩೪ರಲ್ಲಿ ರಕ್ಷಣಾ ಸುಂಕ ಬಂದಿತು. ಆ ದಶಕದಲ್ಲಿಯೇ, ನೂಲು ಬಿಚ್ಚಿದ ಮೇಲೆ ಉಳಿಯುವ ಚಿಂದಿ ರೇಷ್ಮೆಯನ್ನು ನೂಲುವ ಗಿರಣಿ ಚನ್ನಪಟ್ಟಣದಲ್ಲಿ ಹುಟ್ಟಿತು. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ರೇಷ್ಮೆ ನಿಂತು, ಪ್ಯಾರಾಚೂಟಿಗೆ ರೇಷ್ಮೆ ಬೇಕಾದಾಗ ಬೆಲೆ ಗಗನಕ್ಕೇರಿತು. ಯುದ್ಧ ಮುಗಿಯಿತು, ಬೆಲೆ ಇಳಿಯಿತು. ೧೯೪೯ರಲ್ಲಿ ಕೇಂದ್ರ ರೇಷ್ಮೆ ಮಂಡಲಿ ಏರ್ಪಟ್ಟಿತು.

ಸ್ವಾತಂತ್ರ್ಯಾನಂತರ ಆಮದಿನ ಮೇಲಿದ್ದ ಕಟ್ಟುನಿಟ್ಟಿನಿಂದ ಈ ಕಸಬು ಬಹುಕಾಲ ನೆಮ್ಮದಿಯಾಗಿದ್ದಿತು. ೧೯೯೫ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿತು. ೨೦೦೧ರ ಏಪ್ರಿಲ್ ಹೊತ್ತಿಗೆ ಭಾರತ ಆಮದಿನ ಪರಿಮಾಣದ ಮೇಲಿನ ನಿರ್ಬಂಧಗಳನ್ನು ತೆಗೆದುಹಾಕಿತು. ಮತ್ತೆ ಚೀನಾಂಶುಕದ ಪ್ರವಾಹ. ೨೦೦೩ರಲ್ಲಿ ಚೀನಾದ ಕಚ್ಚಾ ರೇಷ್ಮೆಯ ಮೇಲೆ, ಅನ್ಯಾಯದ ಬೆಲೆಗೆ ಸುರಿಯುವುದನ್ನು ತಡೆಯುವ ವಿಶೇಷ ಸುಂಕ ಬಿತ್ತು. ೨೦೧೧ರ ಮುಂಗಡಪತ್ರದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ನೂರಕ್ಕೆ ೩೦ರಿಂದ ಒಮ್ಮೆಲೇ ೫ಕ್ಕೆ ಇಳಿಯಿತು. ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ಬೆಲೆ ನೆಲಕಚ್ಚಿತು, ಬೆಳೆಗಾರರು ಬೀದಿಗಿಳಿದರು. ೨೦೧೩ರಲ್ಲಿ ಸುಂಕ ೧೫ಕ್ಕೇರಿತು, ನಡುವೆ ೧೦ಕ್ಕಿಳಿಯಿತು, ೨೦೨೧ರಲ್ಲಿ ಮತ್ತೆ ೧೫ ಆಯಿತು. ಹುಳು ನಾಲ್ಕು ಜ್ವರ ಕಳೆದು ಗೂಡು ಕಟ್ಟುವುದಕ್ಕೆ ಇಪ್ಪತ್ತೈದು ಮೂವತ್ತು ದಿನ ಬೇಕು. ಬೆಲೆ ಬೀಳುವುದಕ್ಕೆ ಒಂದು ಸಂಜೆಯ ಭಾಷಣ ಸಾಕು.

ಆದರೂ ಸುಂಕವನ್ನಿಳಿಸಿದವರನ್ನೆಲ್ಲ ರೈತದ್ರೋಹಿಗಳೆಂದು ಬಯ್ಯುವುದು ನ್ಯಾಯವಲ್ಲ. ಕಂಚಿ, ಕಾಶಿಗಳ ನೇಕಾರನೂ ಬಡವನೇ. ಅವನಿಗೆ ಅಗ್ಗದ ನೂಲು ಬೇಕು, ಏಕರೂಪದ ಎಳೆ ಬೇಕು. ಸುಂಕವೇರಿದರೆ ಇವನ ಮಗ್ಗ ನಿಲ್ಲುತ್ತದೆ, ಇಳಿದರೆ ಅವನ ತಟ್ಟೆ ಬರಿದಾಗುತ್ತದೆ. ಹಿಂದುಳಿದ ದೇಶಗಳ ವ್ಯಾಪಾರ ನೀತಿಯ ಗಂಟು ಇರುವುದೇ ಇಲ್ಲಿ: ರಕ್ಷಿಸಬೇಕಾದವನೊಬ್ಬನೇ ಅಲ್ಲ. ಸುಂಕದ ನೆರಳು ಬಿದ್ದಿರುವಾಗ ಎಳೆಯ ಗುಣವನ್ನು ಹೆಚ್ಚಿಸಿಕೊಳ್ಳುವುದೊಂದೇ ಇಬ್ಬರನ್ನೂ ಉಳಿಸುವ ಉಪಾಯ. ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆ ಜಪಾನಿನ ನೆರವಿನಿಂದ ೧೯೯೦ರ ದಶಕದಲ್ಲಿ ಹೊರತಂದ ಬಿಳಿಗೂಡಿನ ದ್ವಿತಳಿ ಹುಳುಗಳು ಆ ಕೆಲಸ ಮಾಡಿದುವು. ಒಂದು ಗೂಡಿನಲ್ಲಿ ಸುಮಾರು ಸಾವಿರ ಮೀಟರು ಎಳೆ!

ಇಲ್ಲಿಯೇ ಎರಡನೆಯ ಸುಂಕದವನು ಬಾಗಿಲು ತಟ್ಟುತ್ತಾನೆ. ಬಿಳಿಗೂಡಿನ ಹುಳು ನಾಜೂಕು. ಕಡೆಯ ಜ್ವರವೆದ್ದ ಮೇಲೆ ಅದಕ್ಕೆ ೨೪–೨೫ ಡಿಗ್ರಿಯ ತಂಪು, ನೂರಕ್ಕೆ ೭೦ರಷ್ಟು ತೇವ ಬೇಕು. ಸೆಕೆ ಹೆಚ್ಚಿದರೆ ಹಾಲುರೋಗ, ಜಡಿಮಳೆಯ ಥಂಡಿಯಲ್ಲಿ ಸುಣ್ಣಕಟ್ಟು. ಮೈಸೂರು ತಳಿ ತಾಳಿಕೊಳ್ಳುತ್ತಿದ್ದ ಬೇಸಿಗೆಯನ್ನು ಇದು ತಾಳದು. ಸೊಪ್ಪಿಗೂ ಈಗ ಮಳೆಯೊಂದೇ ಸಾಲದು. ಕೊಳವೆ ಬಾವಿಯ ನೀರೇ ಆಧಾರ. ೧೯೪೬ರಲ್ಲಿ ಕಟ್ಟಿದ ಕಣ್ವ ಜಲಾಶಯ ಎಷ್ಟೋ ವರ್ಷ ತುಂಬದೆ ಉಳಿಯಿತು. ೨೦೨೨ರ ಆಗಸ್ಟಿನಲ್ಲಿ ರಾಮನಗರದ ಬೀದಿಗಳಲ್ಲಿ ನೆರೆ. ಮರುವರ್ಷ, ೨೦೨೩ರಲ್ಲಿ, ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಸರ್ಕಾರ ಬರಪೀಡಿತವೆಂದು ಸಾರಬೇಕಾಯಿತು. ಉತ್ತಮ ತಳಿಯನ್ನು ಕೊಟ್ಟು, ತಂಪುಗಾಳಿಯಾಡುವ ಹುಳುಮನೆಯನ್ನು ಕೊಡದಿದ್ದರೆ ಆ ಉತ್ತಮಿಕೆ ಉಳ್ಳವನ ಪಾಲಾಗುತ್ತದೆ.

ಬೊಂಬೆಯ ಕಥೆ ಚಿಕ್ಕದು. ಹಾಲೆಮರದ ಬಿಳಿಯ ಕೊರಡನ್ನು ತಿರುಗಣೆಗೆ ಸಿಕ್ಕಿಸಿ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಹತ್ತುತ್ತದೆ. ಗರಿಯಿಂದ ತೀಡಿದರೆ ಹೊಳಪು. ಬಾವಾಸ್ ಮಿಯಾ ಎಂಬ ಕುಶಲಿ ಜಪಾನಿನ ರೀತಿಯನ್ನು ಇದಕ್ಕೆ ಅಳವಡಿಸಿದರೆಂದು ಊರು ಇಂದಿಗೂ ನೆನೆಯುತ್ತದೆ. ಅರಗೆಂದಾಗ ಒಂದು ಮಾತು: ನಮ್ಮ ಹಿರಿಯರ ಗ್ರಾಮಫೋನ್ ತಟ್ಟೆಗಳೂ ಅರಗಿನವೇ, ಬೇರೊಂದು ಸರಕು ಬಂದೊಡನೆ ಆ ಬೇಡಿಕೆ ಕರಗಿಹೋಯಿತು. ಬೊಂಬೆಗೆ ಎದುರಾದದ್ದು ಚೀನಾದ ಪ್ಲಾಸ್ಟಿಕ್. ೨೦೦೫–೦೬ರಲ್ಲಿ ಭೌಗೋಳಿಕ ಗುರುತಿನ ರಕ್ಷೆ ದೊರೆಯಿತು; ಆಟದ ಸಾಮಾನಿನ ಆಮದು ಸುಂಕ ೨೦೨೦ರಲ್ಲಿ ೨೦ರಿಂದ ೬೦ಕ್ಕೆ, ೨೦೨೩ರಲ್ಲಿ ೭೦ಕ್ಕೇರಿತು. ೨೦೨೧ರಿಂದ ಜಾರಿಯಾದ ಗುಣಮಟ್ಟದ ಮುದ್ರೆಯ ಕಟ್ಟಳೆ ಮೊದಲಿಗೆ ನಮ್ಮ ಕಸಬುದಾರರನ್ನೂ ಹಿಡಿಯುವಂತಿತ್ತು. ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಗುರುತಿನ ವಸ್ತುಗಳಿಗೂ ವಿನಾಯಿತಿ ಕೊಟ್ಟದ್ದು ಒಳ್ಳೆಯದಾಯಿತು.

ಈಗ ಸುಂಕಕ್ಕೆ ಹೊಸದೊಂದು ವೇಷ ಬಂದಿದೆ. ಯುರೋಪಿನ ಒಕ್ಕೂಟ ೨೦೨೩ರ ಅಕ್ಟೋಬರಿನಿಂದ, ಹೊರಗಿನಿಂದ ಬರುವ ಉಕ್ಕು, ಸಿಮೆಂಟು, ಅಲ್ಯುಮಿನಿಯಂ ಮೊದಲಾದುವನ್ನು ಮಾಡುವಾಗ ಎಷ್ಟು ಇಂಗಾಲದ ಹೊಗೆ ಎದ್ದಿತೆಂಬ ಲೆಕ್ಕ ಕೇಳತೊಡಗಿತು. ೨೦೨೬ರ ಆರಂಭದಿಂದ ಅದಕ್ಕೆ ಬೆಲೆ ಕಟ್ಟುವ ಘಟ್ಟ ಬಂದಿತು. ಹೊಗೆ ಕಡಿಮೆಯಾಗಬೇಕೆಂಬುದನ್ನು ಅಲ್ಲಗಳೆಯುವಂತಿಲ್ಲ. ಬೇಸಿಗೆಯಲ್ಲಿ ಸಾಯುವುದು ನಮ್ಮ ಹುಳುವೇ. ಆದರೆ ೧೯೯೨ರಲ್ಲಿ ರಿಯೊ ನಗರದಲ್ಲಿ ಎಲ್ಲ ದೇಶಗಳೂ ಒಪ್ಪಿದ್ದು ಹೊಣೆ ಎಲ್ಲರದ್ದು, ಭಾರ ಮಾತ್ರ ಒಂದೇ ಸಮನಲ್ಲ ಎಂದು. ಕಲ್ಲಿದ್ದಲನ್ನು ಉರಿಸಿದ ಕುಲುಮೆಗಳಿಂದ ಅಗ್ಗದ ತಂತಿಯನ್ನು ಲೋಕಕ್ಕೆಲ್ಲ ಮಾರಿ ಶ್ರೀಮಂತವಾದ ಖಂಡವು, ಇದ್ದಿಲ ಒಲೆಯಲ್ಲಿ ಉಕ್ಕು ಕಾಸಿ ತಂತಿ ಎಳೆಯುತ್ತಿದ್ದವರ ದೇಶವನ್ನು ಇಂದು ಹೊಗೆಯ ಲೆಕ್ಕ ಕೇಳುತ್ತಿದೆ. ಆ ಸುಂಕದಿಂದ ಬರುವ ಹಣ ಯುರೋಪಿನ ಬೊಕ್ಕಸಕ್ಕೆ ಸೇರತಕ್ಕದ್ದು. ಅದರಲ್ಲೊಂದು ಪಾಲಾದರೂ ಬಡದೇಶಗಳ ಕುಲುಮೆಗಳನ್ನು ಸುಧಾರಿಸುವುದಕ್ಕೆ ಹಿಂದಿರುಗಲಿ ಎಂಬ ಬೇಡಿಕೆ ಅಂತರರಾಷ್ಟ್ರೀಯ ಸಭೆಗಳಲ್ಲಿ ಎದ್ದಿದೆ. ನಮ್ಮ ರೇವುಗಳಲ್ಲಿ ಚೀನಾದ ರೇಷ್ಮೆಯ ಮೇಲೆ ಕೂಡುವ ಸುಂಕದ ವಿಷಯದಲ್ಲಿಯೂ ಇದೇ ಪ್ರಶ್ನೆಯನ್ನು ಕೇಳಬಹುದು: ಅದರಲ್ಲೆಷ್ಟು ಪಾಲು ಚನ್ನಪಟ್ಟಣದ ಹುಳುಮನೆಯ ಛಾವಣಿಗೆ ಬಂದೀತು?