ಜರ್ಮನಿ ದವಾಖಾನಿ

ನಮ್ಮ ತಾಲೂಕಿನ ಸರ್ಕಾರಿ ಆಸ್ಪತ್ರೆಗೆ ಅಪ್ಪ ‘ಜರ್ಮನಿ ದವಾಖಾನಿ’ ಅಂತಿದ್ದರು. ತಮಾಷೆಗಲ್ಲ, ಕಾರಣ ಇದೆ. 1996ರಲ್ಲಿ ವಿಶ್ವಬ್ಯಾಂಕ್ ಸಾಲ ತಂದು ಕರ್ನಾಟಕ ತನ್ನ ಜಿಲ್ಲಾ, ತಾಲೂಕು ಆಸ್ಪತ್ರೆಗಳನ್ನು ದುರಸ್ತಿ ಮಾಡಿ ದೊಡ್ಡದು ಮಾಡಲು ಹೊರಟಿತು. (ಅದೇ ಸಾಲದಲ್ಲಿ ಪಂಜಾಬ್, ಪಶ್ಚಿಮ ಬಂಗಾಳಕ್ಕೂ ಪಾಲು!) ಆಗಿನ ನಮ್ಮ ಗುಲ್ಬರ್ಗಾ ವಿಭಾಗಕ್ಕೆ ಮಾತ್ರ ನೆರವು ಬಂದದ್ದು ಜರ್ಮನಿಯ ಕೆಎಫ್‌ಡಬ್ಲ್ಯು ಬ್ಯಾಂಕಿನಿಂದ. ಹೊಸ ವಾರ್ಡು, ಎಕ್ಸ್‌ರೇ, ಆಪರೇಷನ್ ಥಿಯೇಟರ್... ಊರೇ ನೋಡಲು ಹೋಗಿತ್ತು.

2003ರಲ್ಲಿ ಅಕ್ಕನಿಗೆ ಹೆರಿಗೆ ನೋವು. ಸಿಸೇರಿಯನ್ ಆಗಬೇಕು ಅಂದರು. ಥಿಯೇಟರಿನ ದೀಪ ಫಳಫಳ ಅಂತಿತ್ತು, ಅರಿವಳಿಕೆ ಕೊಡುವ ಡಾಕ್ಟರ ಹುದ್ದೆ ಖಾಲಿ! ರಾತ್ರೋರಾತ್ರಿ ಜೀಪಿನಲ್ಲಿ ಜಿಲ್ಲಾ ಕೇಂದ್ರಕ್ಕೆ. ಆ ಓಡಾಟ ತಪ್ಪಿಸಲೆಂದೇ ಅಲ್ಲವೇ ಇಷ್ಟೆಲ್ಲಾ ಕಟ್ಟಿದ್ದು? ಗೋಡೆಗೆ ಸಾಲ ಸಿಕ್ಕಿತು, ಹುದ್ದೆ ತುಂಬುವವರು ಸಿಗಲಿಲ್ಲ.

ಅಳಿಯ ಹುಟ್ಟಿದ್ದು ಬೆಳಗಿನ ಜಾವ. ಆಮೇಲೆ ಅಪ್ಪ ‘ಜರ್ಮನಿ’ ಅನ್ನೋದನ್ನ ಬಿಟ್ಟರು.