ಆಸರೆ ಕೊಟ್ಟ ಮನೆಯಲ್ಲೇ ಅಜ್ಞಾತವಾಸ

ನಿಪ್ಪಾಣಿ, ಕಾಗವಾಡ ಭಾಗದ ಜೈನ ಮನೆಗಳಲ್ಲಿ ಚಂದನೆಯ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ. ಗ್ರೀಕರ ಇಫಿಜೀನಿಯಾ ಸತ್ತಳೆಂದು ಊರೆಲ್ಲ ನಂಬಿರುವಾಗ ಪರದೇಶದಲ್ಲಿ ಪೂಜಾರಿಣಿಯಾಗಿ ಬದುಕಿದ್ದಳಲ್ಲ, ಅವಳ ಓರಗೆಯವಳು ಈಕೆ. ಯುರಿಪಿಡೀಸನ ನಾಟಕದಲ್ಲಿ ಒಂದು ಓಲೆ ಓದುತ್ತಲೇ ತಮ್ಮನಿಗೆ ಅಕ್ಕನ ಗುರುತು ಸಿಗುತ್ತದೆ. ನಮ್ಮ ಕಥೆಗಾರರಿಗೆ ಗುರುತು ಸಿಗುವ ಗಳಿಗೆಗಿಂತ, ಗುರುತಿಲ್ಲದೆ ಕಳೆದ ದಿನಗಳ ಮೇಲೆಯೇ ಹೆಚ್ಚು ಕಣ್ಣು.

9ನೆಯ ಶತಮಾನದ ಕೊನೆಗೆ ಬಂಕಾಪುರದಲ್ಲಿ ಪೂಜೆಗೊಂಡ ಗುಣಭದ್ರನ ಸಂಸ್ಕೃತ 'ಉತ್ತರಪುರಾಣ'ದಲ್ಲಿ ಚಂದನೆ ವೈಶಾಲಿಯ ಚೇಟಕರಾಜನ ಮಗಳು. ವಿದ್ಯಾಧರನೊಬ್ಬ ಹೊತ್ತೊಯ್ದು, ಹೆಂಡತಿಗೆ ಹೆದರಿ ಕಾಡಿನಲ್ಲಿ ಬಿಡುತ್ತಾನೆ. ಕೈಯಿಂದ ಕೈಗೆ ದಾಟಿ ಕೌಶಾಂಬಿಯ ಸೆಟ್ಟಿ ವೃಷಭಸೇನನ ಮನೆ ಸೇರುತ್ತಾಳೆ. ಒಂದು ದಿನ ಸೆಟ್ಟಿಗೆ ನೀರು ಕೊಡುವಾಗ ಅವಳ ಮುಡಿ ಬಿಚ್ಚಿ ಜಾರುತ್ತದೆ. ಆಕೆ ಅದನ್ನು ಒಂದು ಕೈಯಲ್ಲಿ ಎತ್ತಿ ಹಿಡಿಯುತ್ತಾಳೆ. ಸೆಟ್ಟಿಯ ಹೆಂಡತಿಗೆ ಅಷ್ಟೇ ಸಾಕು. ತಲೆ ಬೋಳಿಸಿ, ಸಂಕೋಲೆ ಹಾಕಿ, ಮಣ್ಣಿನ ಪಾತ್ರೆಯಲ್ಲಿ ಹಾರಕದ ಅನ್ನ, ಗಂಜಿ. ಅದೇ ಊರಿನ ರಾಣಿ ಮೃಗಾವತಿ ಚಂದನೆಯ ಒಡಹುಟ್ಟಿದ ಅಕ್ಕ! ಶ್ವೇತಾಂಬರರ ಕಥೆಯಲ್ಲಂತೂ ಹುಡುಗಿಯ ಹುಟ್ಟುಹೆಸರು ವಸುಮತಿ, ಚಂದನೆ ಎಂಬುದು ಕೊಂಡವನು ಇಟ್ಟ ಹೆಸರು.

ಈ ಪುರಾಣಪರಂಪರೆಯನ್ನು 978ರಲ್ಲಿ ಚಾವುಂಡರಾಯ ಕನ್ನಡ ಗದ್ಯಕ್ಕೆ ತಂದ. ಆಮೇಲೆ ವೇಷ ಮರೆಸಿದ ಹೆಣ್ಣೆಂದರೆ ಕನ್ನಡಿಗರಿಗೆ ಮುಖ್ಯವಾಗಿ ವಿರಾಟನ ಅರಮನೆಯಲ್ಲಿ ಸೈರಂಧ್ರಿಯೆಂಬ ದಾಸಿಯಾದ ದ್ರೌಪದಿ. ಮಳೆ ಬಾರದಾಗ ಊರೂರಲ್ಲಿ ಓದಿಸುವ ಕುಮಾರವ್ಯಾಸನ ವಿರಾಟಪರ್ವದಲ್ಲಿ ಹೊರಗಿನ ಶತ್ರು ದುರ್ಯೋಧನ ದೂರದಲ್ಲಿದ್ದಾನೆ. ಕಾಟ ಕೊಡುವವನು ರಾಣಿಯ ತಮ್ಮ ಕೀಚಕ. ಅವನ ಮನೆಗೆ ಅವಳನ್ನು ಕಳಿಸುವವಳು ಸ್ವತಃ ರಾಣಿ ಸುದೇಷ್ಣೆ. ನ್ಯಾಯ ಕೇಳಲು ದ್ರೌಪದಿ ನಡುರಾತ್ರಿ ಹೋಗುವುದು ಅಡುಗೆಮನೆಗೆ, ಭೀಮನ ಬಳಿಗೆ. ಕನಕದಾಸರ 'ನಳಚರಿತ್ರೆ'ಯ ದಮಯಂತಿ ಅಷ್ಟರಮಟ್ಟಿಗೆ ಪುಣ್ಯವಂತೆ: ಚೇದಿಯ ಅರಮನೆಯಲ್ಲಿ ಅವಳಿಗೆ ಅಕ್ಕರೆ ಸಿಗುತ್ತದೆ.

ನಮ್ಮ ಕಡೆಯ ದೊಡ್ಡಾಟಗಳಲ್ಲಿ ಈ ಪಾತ್ರ ಇನ್ನೊಂದು ಮಡಿಕೆ ಪಡೆಯಿತು. ಗಂಡಸು ಸೀರೆ ಉಟ್ಟು ದ್ರೌಪದಿಯಾಗಬೇಕು, ಆ ದ್ರೌಪದಿ ದಾಸಿಯಾಗಬೇಕು. ಪಾರಿಜಾತದಾಟಕ್ಕೆ ಕೌಜಲಗಿ ನಿಂಗಮ್ಮನಂಥವರು ಬಂದ ಮೇಲೆ ಹೆಣ್ಣಿನ ಪಾತ್ರಕ್ಕೆ ಹೆಣ್ಣಿನ ದನಿಯೇ ಸಿಕ್ಕಿತು.

ಚಂದನೆ ಮಾತ್ರ ಅಟ್ಟ ಹತ್ತಿದ್ದಕ್ಕಿಂತ ಹೊಸ್ತಿಲಲ್ಲಿ ಉಳಿದದ್ದೇ ಹೆಚ್ಚು. ವೇದಗಂಗಾ–ದೂಧಗಂಗಾ ಕೂಡುವ ಭೋಜ ಗ್ರಾಮ ಆಚಾರ್ಯ ಶಾಂತಿಸಾಗರರ (1872–1955) ಊರು. ಈ ಸೀಮೆಗೆ ದಿಗಂಬರ ಮುನಿಗಳು ಬಂದರೆ, ಮಡಿಯುಟ್ಟ ಹೆಂಗಸರು ಕಳಶ ಹಿಡಿದು ಬಾಗಿಲಲ್ಲಿ ನಿಂತು 'ನಮೋಸ್ತು' ಎನ್ನುತ್ತಾರೆ. ಮನಸ್ಸಿನಲ್ಲಿಟ್ಟ ಸಂಕಲ್ಪ ಕೂಡಿ ಬಂದರೆ ಮುನಿ ನಿಲ್ಲುತ್ತಾರೆ, ಇಲ್ಲವಾದರೆ ಮುಂದಿನ ಮನೆ. ಆಹಾರಕ್ಕೆ ಬಂದ ಮಹಾವೀರ ಸಂಕೋಲೆಯಲ್ಲಿದ್ದ ಚಂದನೆಯ ಮುಂದೆ ನಿಂತದ್ದೂ ಹೀಗೆಯೇ. ದಿಗಂಬರ ಕಥೆಯಂತೆ ಅವನು ಅವಳ ಅಕ್ಕ ಪ್ರಿಯಕಾರಿಣಿಯ ಮಗ. ಆದರೂ ಅವಳ ಕುಲ ಕೇಳದೆ ಕೈಯೊಡ್ಡಿದ. ಸಂಕೋಲೆ ಕಳಚಿತು, ಸುದ್ದಿ ಅರಮನೆಗೆ ಮುಟ್ಟಿತು, ಆಗಷ್ಟೇ ರಾಣಿಗೆ ತಂಗಿ ಸಿಕ್ಕಳು. ಮುಂದೆ ಚಂದನೆ ಮಹಾವೀರನ ಸಂಘದ 36,000 ಆರ್ಯಿಕೆಯರಿಗೆ, ಅಂದರೆ ಸನ್ಯಾಸಿನಿಯರಿಗೆ, ಮುಖ್ಯಳಾದಳು.